ಬನದ ಹುಣ್ಣಿಮೆಯ ಚಂದ್ರ

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಪಕ್ಕದ ಚೊಳಚಗುಡ್ಡಕ್ಕೆ ನಿದ್ದೆಯಿಲ್ಲ. ಬನಶಂಕರಿಯ ತೇರು ಎಳೆದಾದ ಮೇಲೆ ಜನ ರೊಟ್ಟಿಬುತ್ತಿ ಬಿಚ್ಚಿ ಉಂಡು ನಾಟಕ ಕಂಪನಿಗಳ ಡೇರೆಯತ್ತ ನುಗ್ಗುತ್ತಾರೆ. ಧ್ವನಿವರ್ಧಕ, ಜನರೇಟರು, ಮಕ್ಕಳ ಪೀಪಿ. ಈ ಗದ್ದಲದಲ್ಲಿ ತೆಪ್ಪಗಿರುವವನು ಹೊಂಡದ ನೀರಿನ ಚಂದ್ರನೊಬ್ಬನೇ. ಆ ಚಂದ್ರನಿಗೇ ಕಿವಿಗೊಟ್ಟು ಕೂತವರಿದ್ದಾರೆ ಎಂದರೆ ಜಾತ್ರೆಯವರು ನಕ್ಕಾರು.

ಸಂಗತಿ ಇಷ್ಟು. ಭೂಮಿಯ ಮೇಲೆ ಹಗಲಿರುಳೂ ವಿಶ್ವಕಿರಣಗಳ ಮಳೆ. ಅಪರೂಪಕ್ಕೊಂದು ಕಣ ಮಾತ್ರ ಭಯಂಕರ. 1991ರ ಅಕ್ಟೋಬರಿನಲ್ಲಿ ಅಮೆರಿಕದ ಯೂಟಾದಲ್ಲಿ ಪತ್ತೆಯಾದ ಒಂದರ ಶಕ್ತಿ, ಗಂಟೆಗೆ 90 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿನಷ್ಟು! ಪರಮಾಣುವಿಗಿಂತ ಕಿರಿದಾದ ಕಣಕ್ಕೆ ಅಷ್ಟು ಬಲ ಎಲ್ಲಿಂದ ಬಂತೆಂಬುದು ಇನ್ನೂ ಒಗಟು. ಇಂಥವು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೊಂದು ಬಿದ್ದರೆ ಹೆಚ್ಚು. ಇವುಗಳ ಬಳಗದ ನ್ಯೂಟ್ರಿನೋಗಳಂತೂ ಯಾವುದಕ್ಕೂ ತಗುಲದೆ ಹಾದುಹೋಗುವ ಜಾತಿ. ವಿಶ್ವಕಿರಣಗಳಿಂದ ಗಾಳಿಯಲ್ಲಿ ಹುಟ್ಟಿದ ಸಾಧಾರಣ ನ್ಯೂಟ್ರಿನೋದ ಗುರುತು ಹಿಡಿಯಲೂ 1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು. ಮಹಾಬಲಿಗಳನ್ನು ಹಿಡಿಯಲು ಗಣಿಯಷ್ಟು ಬಲೆ ಸಾಲದು.

ಚಂದ್ರನನ್ನೇ ಬಲೆ ಮಾಡಿದರೆ? ಸೋವಿಯತ್ ವಿಜ್ಞಾನಿ ಅಸ್ಕಾರ್ಯಾನ್ 1962ರಲ್ಲೇ ಇದರ ದಾರಿ ತೋರಿಸಿದ್ದ. ಚಂದ್ರನ ಕಾಣುವ ಮುಖವೇ ಸುಮಾರು ನೂರು ಕರ್ನಾಟಕದಷ್ಟು ದೊಡ್ಡದು. ಮಹಾಬಲಿ ಕಣ ಅಲ್ಲಿನ ಮಣ್ಣಿಗೆ ಬಡಿದರೆ ಸಾವಿರಾರು ಕೋಟಿ ಕಣಗಳು ಸಿಡಿಯುತ್ತವೆ. ಮಣ್ಣಿನೊಳಗೆ ಬೆಳಕು ನಿಧಾನವಾಗುತ್ತದೆ. ಈ ಗುಂಪು ಅದನ್ನೂ ಹಿಂದೆ ಹಾಕಿ ಓಡುತ್ತದೆ. ದಾರಿಯಲ್ಲಿ ಎಲೆಕ್ಟ್ರಾನುಗಳನ್ನು ಎಬ್ಬಿಸಿಕೊಂಡು ಹೋಗುವುದರಿಂದ ಒಂದು ರೇಡಿಯೋ ಮಿಂಚು ಹೊಮ್ಮುತ್ತದೆ. ಅದರ ಆಯಸ್ಸು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗ.

ಫಜೀತಿ ಇರುವುದು ಇಲ್ಲೇ. ಮೋಟಾರಿನ ಕಿಡಿಯೂ ದೂರದರ್ಶಕಕ್ಕೆ ಹಾಗೆಯೇ ಕಾಣುತ್ತದೆ. ಜಾತ್ರೆಯ ಜನರೇಟರುಗಳ ನಡುವೆ ಈ ಕೆಲಸ ಸಾಗದು. ಒಂದು ಉಪಾಯವಿದೆ. ಚಂದ್ರನಿಂದ ಬಂದ ಮಿಂಚು ಭೂಮಿಯ ಮೇಲಿನ ಅಯಾನುಗೋಳವನ್ನು ದಾಟುವಾಗ ಅದರ ಕಡಿಮೆ ಕಂಪನಾಂಕದ ಪಾಲು ಕೊಂಚ ಹಿಂದೆ ಬೀಳುತ್ತದೆ. ನೆಲದ ಕಿಡಿಗೆ ಆ ಆಲಸ್ಯವಿಲ್ಲ.

1995ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿ 64 ಮೀಟರ್ ಅಗಲದ ತಟ್ಟೆಯನ್ನು ಚಂದ್ರನತ್ತ ತಿರುಗಿಸಿ ಸುಮಾರು ಹತ್ತು ಗಂಟೆ ಕಾದರು. ಏನೂ ಕೇಳಿಸಲಿಲ್ಲ. ಬಳಿಕ ಅಮೆರಿಕದ ಗೋಲ್ಡ್‌ಸ್ಟೋನ್, ನೆದರ್ಲೆಂಡ್ಸ್‌ನ ವೆಸ್ಟರ್‌ಬೋರ್ಕ್ ದೂರದರ್ಶಕಗಳಿಂದಲೂ ಬರಿಗೈ. ಆದರೂ ಅವರು ಆ ರಾತ್ರಿಗಳನ್ನು ವ್ಯರ್ಥವೆಂದು ಬರೆಯಲಿಲ್ಲ. ಇಷ್ಟು ಹೊತ್ತು ಕಾದರೂ ಒಂದೂ ಬರಲಿಲ್ಲವಾದರೆ ಇಂತಿಷ್ಟಕ್ಕಿಂತ ಹೆಚ್ಚು ಬರುತ್ತಿಲ್ಲ ಎಂದು ಲೆಕ್ಕ ಹಾಕಿ ಪ್ರಕಟಿಸಿದರು. ಧಾರಾಳವಾಗಿ ಬರಬೇಕು ಎನ್ನುತ್ತಿದ್ದ ಕೆಲವು ಸಿದ್ಧಾಂತಗಳು ಆ ಲೆಕ್ಕದ ಮುಂದೆ ಸೊರಗಿದವು.