ನನ್ನ ಮರದ ಗರುಡ

ನಮ್ಮ ಮನೆತನದಲ್ಲಿ ಉಳಿ ಬಿಟ್ಟು ಪುಸ್ತಕ ಹಿಡಿದವನು ನಾನೊಬ್ಬನೇ. ಸಾಗರದ ಗುಡಿಗಾರರ ಮಗನಾಗಿ ಹುಟ್ಟಿ, ಬಿ.ಎ. ಕೊನೆಯ ವರ್ಷಕ್ಕೆ ಬಂದರೂ ಒಂದು ಮಣೆಯನ್ನಾದರೂ ಕೆತ್ತಿದವನಲ್ಲ. ಆ ನಾಚಿಕೆಯನ್ನು ಕಳೆಯಬೇಕೆಂದು ಕಳೆದ ಬೇಸಗೆ ರಜೆಯಲ್ಲಿ ಶಿವನೆ ಮರದ ತುಂಡೊಂದನ್ನು ಎತ್ತಿಕೊಂಡೆ.

ಅಪ್ಪ ಕೆತ್ತುವ ಗರುಡನಿಗೆ ಮನುಷ್ಯನ ಮೈ, ಮುಗಿದ ಕೈ. ನನಗೆ ಬೇಕಾದುದು ಕೆರೆಯ ಮೇಲೆ ಸುತ್ತುವ ಹಕ್ಕಿ: ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. 1941ರಲ್ಲಿ ಮೊದಲು ಅಚ್ಚಾದ ಸಲೀಂ ಅಲಿಯವರ ಹಕ್ಕಿಗಳ ಪುಸ್ತಕವನ್ನು ಕಾಲೇಜಿನ ಪುಸ್ತಕಭಂಡಾರದಿಂದ ತಂದಿದ್ದೆ. ಸಾಧಾರಣ ಹದ್ದಿನ ಬಾಲ ಕವಲು, ಗರುಡನದು ದುಂಡು ಎಂದು ಅಪ್ಪನಿಗೆ ಪಾಠ ಹೇಳಿದೆ. ಅವರು ನಕ್ಕು, “ಬಾಲ ಇರಲಿ, ಮೊದಲು ಮರದ ಎಳೆ ನೋಡೋ” ಎಂದರು. ನೋಡಲಿಲ್ಲ. ಪದವೀಧರನಾಗುವವನ ಗರ್ವವಲ್ಲವೆ!

ಮೂರು ವಾರ ಸಣ್ಣ ಉಳಿಯಿಂದ ಗರಿಯ ಮೇಲೆ ಗರಿ ಕೂರುವಂತೆ ಕೆತ್ತಿದೆ. ಕೊಕ್ಕು ಮಾತ್ರ ಎಳೆಗೆ ಅಡ್ಡವಾಗಿ ಬಂದಿತ್ತು. ಉಪ್ಪುಕಾಗದದಿಂದ ಉಜ್ಜುತ್ತಿರುವಾಗ ಅದರ ಕೊಂಕು ತುದಿ ಟಪ್ಪೆಂದು ಮುರಿದು ಹಾರಿತು. ಇಪ್ಪತ್ತು ವರ್ಷದವನು ಅತ್ತೆನೆಂದು ಬರೆಯಲು ಸಂಕೋಚ; ಆದರೆ ಅತ್ತದ್ದು ನಿಜ.

ಅಪ್ಪ ಬಯ್ಯಲಿಲ್ಲ. ಮುರಿದ ಜಾಗವನ್ನು ಸಮ ಮಾಡಿ, ಎಳೆ ಉದ್ದಕ್ಕೆ ಬರುವಂತೆ ಬೇರೆ ಚೂರು ಅಂಟಿಸಿ, ಹೊಸ ಕೊಕ್ಕನ್ನು ನನ್ನ ಕೈಯಿಂದಲೇ ಕೆತ್ತಿಸಿದರು. ತಲೆಗೆ ಬಣ್ಣ ಬಳಿಯಲಿಲ್ಲ, ಶಿವನೆಯ ತಿಳಿಬಣ್ಣವೇ ಸಾಕಾಯಿತು. ಮೈಗೆ ತೆಳುವಾಗಿ ಕಾವಿ ಹಚ್ಚಿ, ಆರಿದ ಮೇಲೆ ಜೇನುಮೇಣ ಉಜ್ಜಿದೆವು.

ಆ ರಾತ್ರಿ ಅಪ್ಪ ಪುಸ್ತಕವನ್ನು ನನ್ನತ್ತ ಸರಿಸಿ, “ಗೂಬೆಯ ವಿಷಯ ಏನು ಬರೆದಿದ್ದಾರೆ, ಓದಿ ಹೇಳು” ಎಂದರು. ದೀಪದ ಬಳಿ ಕುಳಿತು, ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತ ಹೋದೆ.