ಎಂಟು ದಿನದ ಅಂಗಡಿ

ಅಂಗಡಿ ಎಂದ ಮೇಲೆ ಅದು ಇದ್ದಲ್ಲಿಯೇ ಇರಬೇಕೆಂಬುದು ನಮ್ಮ ಬಹುದಿನದ ನಂಬಿಕೆ. ವರ್ತಕ ನಗರದ ನಮ್ಮ ಕಿರಾಣಿ ಅಂಗಡಿಯಾತ ನಾವು ಅರ್ಧ ಚಡ್ಡಿ ತೊಡುತ್ತಿದ್ದ ಕಾಲದಲ್ಲಿ ಎಲ್ಲಿ ಕುಳಿತು ಬೆಲ್ಲ ತೂಗುತ್ತಿದ್ದನೋ ಇಂದಿಗೂ ಅಲ್ಲಿಯೇ ಕುಳಿತಿದ್ದಾನೆ. ಬದಲಾದದ್ದು ತಕ್ಕಡಿ ಮತ್ತು ಆತನ ತಲೆಗೂದಲು. ತಿಂಗಳ ಕೊನೆಯ ವಾರದಲ್ಲಿ ನಾವು ಆತನ ಅಂಗಡಿಯ ಮುಂದೆ ಸ್ವಲ್ಪ ಬಿರುಸಾಗಿ ನಡೆಯುತ್ತೇವೆ. ಅಂಗಡಿ ಸ್ಥಿರವಾಗಿರುವುದರಿಂದ ಆಗುವ ತೊಂದರೆ ಇದೊಂದೇ. (‘ನಾವು’ ಎಂದೊಡನೆ ವಾಚಕರು ದೊಡ್ಡ ಪರಿವಾರವನ್ನು ಕಲ್ಪಿಸಿಕೊಳ್ಳಬಾರದು. ಹದಿಮೂರು ವರ್ಷ ಸರಕಾರಿ ಕಚೇರಿಯಲ್ಲಿ ಕಾರಕೂನಿಕೆ ಮಾಡಿ, ಕಚೇರಿಯ ಪರವಾಗಿಯೇ ಪತ್ರ ಬರೆದು ಬರೆದು, ಈ ಕೈಗೆ ‘ನಾನು’ ಎಂಬ ಶಬ್ದದ ರೂಢಿ ತಪ್ಪಿದೆ, ಅಷ್ಟೆ.)

ಈ ನಂಬಿಕೆಗೆ ಕಳೆದ ಬೇಸಗೆಯ ರಜೆಯಲ್ಲಿ ಧಕ್ಕೆ ಬಂತು. ನಮ್ಮ ಮಗಳಿಗೆ ಹನ್ನೆರಡು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ. ಮನೆಯಲ್ಲಿ ಅಜ್ಜಿಯೊಡನೆ ಬಾದಾಮಿ ಕಡೆಯ ಕನ್ನಡ. ಇಷ್ಟು ಸಾಲದೆಂದು ಮೊಬೈಲಿನಲ್ಲಿ ಕೊರಿಯಾದ ಕಥೆಗಳನ್ನು ನೋಡಿ ಈಗ ಕೊರಿಯನ್ ಭಾಷೆಯಲ್ಲಿಯೂ ನಮಗೆ ನಮಸ್ಕಾರ ಹೇಳುತ್ತಾಳೆ. ಅವಳು ಬಂದು, “ಅಪ್ಪಾ, ಮಾಲಿನ್ಯಾಗ ಕೊರಿಯಾದ ಪಾಪ್-ಅಪ್ ಬಂದೈತಿ, ಎಂಟೇ ದಿನ ಇರ್ತದಂತ” ಎಂದಳು. ಪಾಪ್-ಅಪ್ ಎಂದರೇನೆಂದು ಕೇಳಿದೆವು. ತಟ್ಟನೆ ಏಳುವ ಅಂಗಡಿಯಂತೆ. ತಟ್ಟನೆ ಏಳುವುದು ನಮಗೆ ತಿಳಿದಿದ್ದುದು ಹಾಲು ಒಂದೇ.

ಠಾಣೆಯಲ್ಲಿ ಕೋರಮ್ ಮಾಲು 2009ರಲ್ಲಿ ತೆರೆಯಿತು, ವಿವಿಯಾನಾ 2013ರಲ್ಲಿ. ಅಲ್ಲಿಂದೀಚೆಗೆ ನಮ್ಮಂಥ ಸಂಸಾರಗಳಿಗೆ ಬೇಸಗೆಯ ರವಿವಾರ ಕಾಸು ಖರ್ಚಿಲ್ಲದೆ ತಂಪಾಗಿ ಅಡ್ಡಾಡಲು ಒಂದು ಜಾಗವಾಗಿದೆ. ಕಾಸು ಖರ್ಚಿಲ್ಲದೆ ಎಂಬುದು ಒಳಹೋಗುವಾಗಿನ ಮಾತು. ನಾವು ಅಂದು ಹೋದದ್ದು ಯಾವ ಮಾಲಿಗೆ ಎಂದು ಹೇಳುವುದಿಲ್ಲ. ಮುಂದಿನದನ್ನು ಓದಿದರೆ ಕಾರಣ ತಿಳಿದೀತು.

ನೆಲ ಅಂತಸ್ತಿನ ನಟ್ಟನಡುವೆ ಹಲಗೆಗಳಿಂದ ಒಂದು ಗುಲಾಬಿ ಬಣ್ಣದ ಕೋಣೆ ಎದ್ದಿತ್ತು. ಗೋಡೆ ಮೂರು, ಮಾಡು ಇಲ್ಲ. ಹೊರಗೆ ಪಡಿತರ ಅಂಗಡಿಯನ್ನು ನೆನಪಿಸುವ ಸಾಲು. ಒಳಗೆ ಬಿಡಬೇಕಾದರೆ ಮೊಬೈಲಿನಲ್ಲಿ ಹೆಸರು, ನಂಬರು, ಜನ್ಮದಿನ ಎಲ್ಲವನ್ನೂ ತುಂಬಿಕೊಡಬೇಕು. ನಮ್ಮ ಕಚೇರಿಯ ಕಿಟಕಿಯಲ್ಲಿ ಇಷ್ಟು ಕೇಳಿದರೆ ಜನ ಜಗಳಕ್ಕೆ ಬರುತ್ತಾರೆ. ಇಲ್ಲಿ ನಗುನಗುತ್ತ ಕೊಡುತ್ತಿದ್ದರು. ಒಳಗೆ ಕಾಗದದ ಹೂ ಸುತ್ತಿದ ಉಯ್ಯಾಲೆ, ಆಳೆತ್ತರದ ಕನ್ನಡಿ, ತಿರುಗಿಸಿದರೆ ಬಹುಮಾನ ಕೊಡುವ ಚಕ್ರ. ಮಾರಾಟದ ಸಾಮಾನು ಒಂದು ಮೂಲೆಯಲ್ಲಿ ಮಾತ್ರ. ಮಿಕ್ಕಿದ್ದೆಲ್ಲ ಫೋಟೋ ತೆಗೆಸಿಕೊಳ್ಳಲು. ಮಗಳು ಚಕ್ರ ತಿರುಗಿಸಿ ಮುಖಕ್ಕೆ ಹಚ್ಚುವ ಲೇಪದ ಒಂದು ಪುಟ್ಟ ಪೊಟ್ಟಣ ಗೆದ್ದಳು. ನಮ್ಮ ಮನೆಯಾಕೆ ಒಂದು ಬಟ್ಟೆಯ ಚೀಲ ಗೆದ್ದಳು. ನಮಗೆ ‘ಮತ್ತೊಮ್ಮೆ ಪ್ರಯತ್ನಿಸಿರಿ’ ಎಂದು ಬಂತು. ಬಡ್ತಿಯ ಪರೀಕ್ಷೆಯಲ್ಲಿಯೂ ಹೀಗೆಯೇ ಆಗಿತ್ತು. ಇಷ್ಟೆಲ್ಲ ಧರ್ಮಕ್ಕೆ ಪಡೆದು ಬರಿಗೈಯಲ್ಲಿ ಹೊರಬೀಳುವುದು ಸಭ್ಯತೆಯಲ್ಲವೆಂದು ತೋರಿ ₹1,299 ತೆತ್ತು ಒಂದು ಸೀಸೆ ಕೊಂಡೆವು.

ಆ ರಾತ್ರಿ ನಮ್ಮ ಭಾವಮೈದುನನಿಗೆ ಇದನ್ನು ಹೇಳಿದಾಗ ಆತ ನಕ್ಕ. ಆತ ಎರಡು ವರ್ಷ ಕೊರಿಯಾದ ಸುವೋನ್ ನಗರದಲ್ಲಿ ಕೆಲಸದ ಮೇಲೆ ಇದ್ದು ಬಂದವ. ಸಿಯೋಲ್ ನಗರದಲ್ಲಿ ಸೊಂಗ್ಸು ಎಂಬ ಪೇಟೆಯಿದೆಯಂತೆ. ಅಲ್ಲಿ ಇಡೀ ಪೇಟೆಯೇ ಇಂಥ ಅಂಗಡಿಗಳಿಂದ ತುಂಬಿರುತ್ತದೆ. ಒಂದು ವಾರ, ಹದಿನೈದು ದಿನ ಇರುತ್ತವೆ. ಆಮೇಲೆ ಅದೇ ಗೋಡೆಗಳೊಳಗೆ ಇನ್ನೊಂದು ಕಂಪನಿ, ಇನ್ನೊಂದು ಬಣ್ಣ. ಇಂದು ಅತ್ತರು, ನಾಳೆ ಬೂಟು, ನಾಡಿದ್ದು ಬಿಸ್ಕೀಟು. “ಭಾವಾ, ಅವರು ಅಲ್ಲಿ ಮಾರಿ ಲಾಭ ಮಾಡಬೇಕಂತ ಇಲ್ಲ. ನೀವು ತೆಗೆದ ಫೋಟೋ ನಾಕು ಮಂದಿ ನೋಡಿದ್ರ ಅದ ಅವರ ಜಾಹೀರಾತು. ಎಂಟೇ ದಿನ ಅಂದ್ರ ನೀವೂ ಓಡಿ ಹೋಗ್ತೀರಿ” ಎಂದ. ನಾವು ಓಡಿ ಹೋಗಿರಲಿಲ್ಲ, ರಿಕ್ಷಾದಲ್ಲಿ ಹೋಗಿದ್ದೆವು. ಆದರೂ ಮಾತು ನಾಟಿತು.

ಆದರೆ ನಮ್ಮ ಮನಸ್ಸು ನಿಂತದ್ದು ಆತ ಹೇಳಿದ ಮತ್ತೊಂದು ಸಂಗತಿಯ ಮೇಲೆ. ಸೊಂಗ್ಸು ಮೊದಲಿಗೆ ಕಾರ್ಖಾನೆಗಳ ಕೇರಿ. ಕೈಯಿಂದ ಬೂಟು ಹೊಲಿಯುವವರು, ಅಚ್ಚುಕೂಟದವರು, ಮೋಟಾರು ರಿಪೇರಿಯವರು ಅಲ್ಲಿದ್ದರು. ಕೆಂಪು ಇಟ್ಟಿಗೆಯ ಕಟ್ಟಡಗಳು ಅವರವೇ. ಹತ್ತಿರದಲ್ಲಿ 2005ರಲ್ಲಿ ‘ಸಿಯೋಲ್ ಅರಣ್ಯ’ ಎಂಬ ದೊಡ್ಡ ಉದ್ಯಾನ ತೆರೆಯಿತು. ಅಕ್ಕಿ ಗಿರಣಿಯಾಗಿದ್ದ ಒಂದು ಹಳೆಯ ಉಗ್ರಾಣ ಕಾಫಿಗೃಹವಾಗಿ ಹೆಸರಾಯಿತು. ಹರೆಯದವರು ಬರತೊಡಗಿದರು, ಬಾಡಿಗೆ ಏರತೊಡಗಿತು. 2015ರಲ್ಲಿ ಅಲ್ಲಿನ ಜಿಲ್ಲಾಡಳಿತ ಹಳೆಯ ಬಾಡಿಗೆದಾರರು ಕಿತ್ತುಹೋಗದಂತೆ ಒಂದು ನಿಯಮವನ್ನೇ ಮಾಡಬೇಕಾಯಿತು. 2022ರಲ್ಲಿ ಫ್ರಾನ್ಸಿನ ದಿಯೋರ್ ಕಂಪನಿಯವರು ಬಂದು ಗಾಜಿನ ಅರಮನೆಯಂಥ ಅಂಗಡಿ ಕಟ್ಟಿದರು. ಬೂಟು ಹೊಲಿಯುವವರು ಇನ್ನೂ ಕೆಲವರಿದ್ದಾರಂತೆ. ಸಾಲಿನಲ್ಲಿ ನಿಂತಾಗ ಪಕ್ಕದ ಮಳಿಗೆಯಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತೆಂದು ಭಾವಮೈದುನ ಹೇಳಿದ.

ಇದನ್ನು ಕೇಳುವಾಗ ನಮಗೆ ಕೊರಿಯಾ ದೂರವೆನಿಸಲಿಲ್ಲ. ನಮ್ಮ ಪೋಖರಣ ರಸ್ತೆಯ ಕಥೆಯೂ ಇದೇ ತಾನೆ? ರೇಮಂಡ್ ಉಣ್ಣೆಯ ಗಿರಣಿ ಠಾಣೆಯಲ್ಲಿ 1925ರಲ್ಲಿ ಆರಂಭವಾದದ್ದು. ಈಗ ಆ ಜಮೀನಿನಲ್ಲಿ ಕತ್ತೆತ್ತಿ ನೋಡಬೇಕಾದ ಮನೆಗಳು. ಚಾಕೊಲೇಟಿನ ಕಾರ್ಖಾನೆ ನಾಲ್ಕು ದಾರಿಗಳು ಕೂಡುವಲ್ಲಿಗೆ ತನ್ನ ಹೆಸರು ಕೊಟ್ಟಿದೆ. ಕ್ಯಾಡ್‌ಬರಿ ಜಂಕ್ಷನ್ ಎಂದರೆ ರಿಕ್ಷಾದವನಿಗೆ ಬೇರೆ ಗುರುತು ಬೇಡ. ನಮ್ಮ ಅಪ್ಪ ಬಾದಾಮಿ ತಾಲೂಕಿನಿಂದ ಬಂದು ಸೇರಿದ ಕಾರ್ಖಾನೆ ಇವುಗಳಷ್ಟು ದೊಡ್ಡದಲ್ಲ. ಅದರ ಹೆಸರು ಬೇಡ. 2001ರಲ್ಲಿ ಒಂದು ಬೆಳಿಗ್ಗೆ ಬಾಗಿಲಿಗೆ ನೋಟೀಸು ಅಂಟಿತ್ತು. ಅಪ್ಪ ಡಬ್ಬಿ ಸಮೇತ ಮನೆಗೆ ಬಂದು, ಡಬ್ಬಿಯನ್ನು ಬಿಚ್ಚದೆ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, ಕಿಟಕಿಯ ಹತ್ತಿರ ಕುಳಿತರು. ನಾವು ಆಗ ಎಂಟನೆಯ ಇಯತ್ತೆ.

ಅದಿರಲಿ, ಸೀಸೆಯ ಕಥೆಗೆ ಬರೋಣ. ನಾಲ್ಕನೆಯ ದಿನಕ್ಕೆ ಅದರ ಮೂತಿ ಒತ್ತಿದರೆ ಒಳಗಿನದು ಹೊರಗೆ ಬರದಂತಾಯಿತು. ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ ಉಳಿದುಕೊಂಡಿತ್ತು. ಮುಂದಿನ ರವಿವಾರವೇ ಬದಲಿಸಲು ಹೋದೆವು. ಕೋಣೆಯಿಲ್ಲ! ಉಯ್ಯಾಲೆಯಿಲ್ಲ, ಚಕ್ರವಿಲ್ಲ. ಕಲ್ಲಿನ ನೆಲದ ಮೇಲೆ ಅಂಟುಪಟ್ಟಿಯ ಒಂದು ಚೂರು ಮಾತ್ರ ಇತ್ತು. ಪಹರೆಯವನನ್ನು ಕೇಳಿದರೆ, ಅಂಥದೊಂದು ಇದ್ದುದೇ ಆತನಿಗೆ ನೆನಪಿಲ್ಲ. ಆ ಜಾಗದಲ್ಲಿ ಆಗಲೇ ಒಂದು ಮೋಟಾರುಕಾರು ನಿಲ್ಲಿಸುವ ಏರ್ಪಾಟು ನಡೆದಿತ್ತು. ರಸೀತಿಯ ಮೇಲಿದ್ದ ವಿಳಾಸಕ್ಕೆ ಇಮೇಲ್ ಬರೆದೆವು. ‘ನಿಮ್ಮ ಮಾತು ನಮಗೆ ಅಮೂಲ್ಯ’ ಎಂದು ಅರ್ಧ ನಿಮಿಷದಲ್ಲಿ ಉತ್ತರ ಬಂತು. ಅರ್ಧ ನಿಮಿಷದಲ್ಲಿ ಬರುವ ಉತ್ತರದಲ್ಲಿ ಏನೂ ಇರುವುದಿಲ್ಲವೆಂಬುದು ಕಾರಕೂನನಿಗೆ ಬೇರೆಯವರು ಹೇಳಬೇಕಾಗಿಲ್ಲ. ಎರಡನೆಯ ಉತ್ತರ ಇಂದಿನವರೆಗೆ ಬಂದಿಲ್ಲ.

ಮಗಳು ಮುಖ ಸಣ್ಣದು ಮಾಡಿಕೊಂಡು ಅಜ್ಜಿಗೆ ಇದನ್ನು ಹೇಳಿದಳು. ನಮ್ಮ ಅವ್ವ ಎಲ್ಲವನ್ನೂ ಕೇಳಿ, “ಅಂಗಡಿ ಹೋದ್ರ ಹೋಗವಲ್ದ್ಯಾಕ. ಅಂಗಡಿಯಾವ ಎಲ್ಲಿದ್ದಾನ?” ಎಂದಳು.

ಅವ್ವನಿಗೆ ನಾಲ್ಕು ದಿನದ ಅಂಗಡಿ ಹೊಸದಲ್ಲ. ಅವಳ ತವರು ಬನಶಂಕರಿಗೆ ಹತ್ತಿರ. ಚೊಳಚಗುಡ್ಡದಲ್ಲಿ ಬನದ ಹುಣ್ಣಿವೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ಜಾತ್ರೆ. ಬಯಲಿನಲ್ಲಿ ಒಂದು ಊರೇ ಎದ್ದು ನಿಲ್ಲುತ್ತದೆ. ನಾಟಕ ಕಂಪನಿಗಳ ತಂಬುಗಳು, ಬಳೆಗಾರರು, ಬೆಂಡು-ಬತ್ತಾಸಿನವರು, ಕಟ್ಟಿಗೆಯ ಬಾಗಿಲು ಚೌಕಟ್ಟು ಮಾರುವವರು. ಅವ್ವನ ತವರುಮನೆಯ ತಲೆಬಾಗಿಲು ಆ ಜಾತ್ರೆಯಲ್ಲಿ ಕೊಂಡದ್ದು. ಮಳೆಗಾಲದಲ್ಲಿ ಚೌಕಟ್ಟು ಸೊಟ್ಟಗಾಯಿತಂತೆ. ಅಜ್ಜ ಮರುವರ್ಷ ಹುಣ್ಣಿವೆಯ ತನಕ ಕಾದು, ಅದೇ ಬೇವಿನ ಗಿಡದ ಕೆಳಗೆ ಅದೇ ಬಡಿಗನನ್ನು ಹಿಡಿದು ಬೈದ. ಬಡಿಗ ಚಹಾ ಕುಡಿಸಿ, ಊರಿಗೆ ಬಂದು ಕೆತ್ತಿ ಸರಿಮಾಡಿಕೊಟ್ಟುಹೋದ. ವರ್ಷಕ್ಕೊಂದು ತಿಂಗಳ ಅಂಗಡಿ, ಆದರೆ ಅದಕ್ಕೂ ಗಿಡದ ಗುರುತಿತ್ತು. ಮಾಲಿನ ಅಂಗಡಿಯೂ ಜಾತ್ರೆಯೇ ಎಂದು ವಾದಿಸುವವರಿಗೆ ನಾವು ಈ ಚೌಕಟ್ಟನ್ನು ತೋರಿಸುತ್ತೇವೆ.

ಅಪ್ಪನ ಕೆಲಸ ಹೋದ ವರ್ಷ ಅವ್ವ ತಾನೇ ಅಂಗಡಿ ಹಾಕಿದಳು. ದೀಪಾವಳಿಗೆ ಮೊದಲು ಹತ್ತು ದಿನ, ಮ್ಹಾಡಾ ಕಟ್ಟಡದ ಹೊರಗೆ, ಎರಡು ಬಿದಿರಿನ ನಡುವೆ ಒಂದು ಹಗ್ಗ. ಅಪ್ಪನೂ ನಾವೂ ಮಾಹೀಮಿನ ಕಂದೀಲು ಗಲ್ಲಿಗೆ ಹೋಗಿ ಮಡಿಚಿದ ಆಕಾಶಬುಟ್ಟಿಗಳನ್ನು ಲೋಕಲ್ ಗಾಡಿಯಲ್ಲಿ ತಂದೆವು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಯಂತ್ರ ನಡೆಸಿದ ಅಪ್ಪನಿಗೆ ಗಿರಾಕಿಯನ್ನು ಕೂಗಿ ಕರೆಯಲು ಬಾಯಿ ಬರಲಿಲ್ಲ. ಆತ ಹಗ್ಗದ ಹಿಂದೆ ನಿಂತು ಗಂಟು ಬಿಗಿಮಾಡುತ್ತಿದ್ದ. ಕೂಗಿದವಳು ಅವ್ವ, ಅದೂ ಬರೀ ಕನ್ನಡ ಬರುತ್ತಿದ್ದವಳು ಮರಾಠಿಯಲ್ಲಿ. ಮೂರನೆಯ ವರ್ಷ ಧನತೇರಸದ ಸಂಜೆ ಅಕಾಲದ ಮಳೆ ಬಂತು. ಕಾಗದದ ಬುಟ್ಟಿಗಳು ತೊಯ್ದು, ಕೆಂಪು ಹಳದಿಯೆಲ್ಲ ಕಾಲುದಾರಿಯ ಮೇಲೆ ಹರಿಯಿತು. ಅಂದು ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೆಳಿಗ್ಗೆ ಅವ್ವ ಉಳಿದ ಶೇಂಗಾ ಹುರಿದು ಚಟ್ನಿ ಕುಟ್ಟಿ, ಪೊಟ್ಟಣ ಕಟ್ಟಿ, ಅದೇ ಒದ್ದೆ ಹಗ್ಗದ ಕೆಳಗೆ ಕುಳಿತಳು. ನಮ್ಮ ಬಿ.ಎ.ದ ಫೀಯ ಹಣಕ್ಕೆ ಬಹುಕಾಲ ಬೆಳ್ಳುಳ್ಳಿಯ ವಾಸನೆಯಿತ್ತು.

ನಮಗೆ ನೌಕರಿ ಬಂದ ಮೇಲೆ ಅಂಗಡಿ ನಿಂತಿತು. ನಿಲ್ಲಿಸಿದವರು ನಾವೇ. ಸಾಹೇಬರು ಯಾರಾದರೂ ಆ ದಾರಿಯಲ್ಲಿ ಬಂದರೆ ಎಂಬ ಅಳುಕು. ಅವ್ವ ಏನೂ ಅನ್ನಲಿಲ್ಲ. ಹಗ್ಗ ಮಾತ್ರ ಬಹಳ ದಿನ ಬಾಗಿಲ ಹಿಂದಿನ ಮೊಳೆಯಲ್ಲಿತ್ತು.

ಅದಕ್ಕೇ ಕಳೆದ ಅಕ್ಟೋಬರದಲ್ಲಿ ನಮ್ಮ ಮನೆಯಾಕೆ, “ದೀಪಾವಳಿಯ ಪ್ರದರ್ಶನದಾಗ ಎರಡು ದಿನಕ್ಕ ಟೇಬಲ್ ಕೊಡ್ತಾರಂತ. ನಾನೂ ಅತ್ತಿಯವರೂ ಚಟ್ನಿ, ಖಡಕ್ ರೊಟ್ಟಿ ಮಾಡಿ ಇಡೋಣಂತ” ಎಂದಾಗ ನಾವು ತಕ್ಷಣ ಉತ್ತರ ಕೊಡಲಾರದೆ ಹೋದೆವು. ಹಾಳು ಅಳುಕು ಮತ್ತೆ ಎದ್ದಿತು. 1979ರ ಮಹಾರಾಷ್ಟ್ರ ನಾಗರಿಕ ಸೇವಾ ವರ್ತಣೂಕ ನಿಯಮಗಳ ಪ್ರಕಾರ ನೌಕರನ ಮನೆಯವರು ವ್ಯಾಪಾರ ಮಾಡಿದರೆ ಸರಕಾರಕ್ಕೆ ತಿಳಿಸಬೇಕು ಎಂದೆವು. “ಹಂಗಾದ್ರ ತಿಳಸ್ರಿ” ಎಂದಳು. ತಿಂಡಿ ಮಾರಲು ಆಹಾರ ಸುರಕ್ಷತೆಯ ನೋಂದಣಿ ಬೇಕು ಎಂದೆವು. ಮಗಳು ಮೊಬೈಲಿನಲ್ಲಿ ಅದರ ಅರ್ಜಿಯನ್ನು ತೆರೆದು ಮುಂದೆ ಹಿಡಿದಳು. ನಮ್ಮ ಶಾಸ್ತ್ರವೆಲ್ಲ ಅಲ್ಲಿಗೆ ಮುಗಿಯಿತು.

ಪೊಟ್ಟಣದ ಚೀಟಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಕಚೇರಿಯ ದುಂಡಗಿನ ಅಕ್ಷರದಲ್ಲಿ ‘ಶೇಂಗಾ ಚಟ್ನಿ’ ಎಂದು ಬರೆದು ತೋರಿಸಿದರೆ ಅವ್ವ, “ಮನಿ ವಿಳಾಸ ಎಲ್ಲೈತಿ?” ಎಂದಳು. ಎರಡು ದಿನದ ಮೇಜಿಗೆ ವಿಳಾಸವೇಕೆ? “ಖಾರ ಹೆಚ್ಚಾದ್ರ ಅವರು ಯಾರ್ನ ಬೈಬೇಕೋ?” ಎಂದಳು. ನೂರಾ ಅರವತ್ತು ಚೀಟಿಗಳ ಮೇಲೆ ಕಟ್ಟಡದ ಹೆಸರು, ಮಜಲು, ಖೋಲಿಯ ನಂಬರು ಬರೆದೆವು.

ಎರಡನೆಯ ದಿನ ಕಲ್ಯಾಣದ ಕಡೆಯ ಒಬ್ಬ ಹೆಣ್ಣುಮಗಳು ಪುಡಿಯಾದ ರೊಟ್ಟಿಗಳ ಕಟ್ಟು ಹಿಡಿದು ಬಂದಳು. ಅವ್ವ ಸ್ಟೂಲಿನಿಂದ ಎದ್ದು, ತಾನೇ ಆರಿಸಿ ಬೇರೆ ಕಟ್ಟು ಕೊಟ್ಟು, ಮುರಿದದ್ದನ್ನು ಮೊಸರಿನಲ್ಲಿ ಹೇಗೆ ನೆನೆಸಿ ಉಣ್ಣಬೇಕೆಂದು ಹೇಳಿ ಅದನ್ನೂ ಅವಳ ಚೀಲಕ್ಕೇ ಹಾಕಿದಳು. ಹೀಗೆ ಮಾಡಿದರೆ ಲಾಭವೆಲ್ಲಿ ಎಂದು ನಾವು ಮನೆಯಾಕೆಯ ಮುಖ ನೋಡಿದೆವು. ಅವಳು ನಮ್ಮ ಮುಖ ನೋಡಲಿಲ್ಲ.

ಲೆಕ್ಕ ಹೀಗಿದೆ. ಸಾಮಾನಿಗೆ ₹3,140, ಮೇಜಿಗೆ ₹2,500, ಚೀಲ ಚೀಟಿಗಳಿಗೆ ₹420, ರಿಕ್ಷಾಕ್ಕೆ ₹180. ಮಾರಾಟ ₹7,350. ಉಳಿದದ್ದು ₹1,110. ಕೊರಿಯಾದ ಸೀಸೆಯ ಬೆಲೆಗೆ ಇನ್ನೂ ₹189 ಕಡಿಮೆ ಎಂದು ನಾವು ತಮಾಷೆಗೆ ಅಂದೆವು. ಮಗಳು ನಗಲಿಲ್ಲ, ಹಣವನ್ನು ಎರಡನೆಯ ಸಲ ಎಣಿಸಿ ಅಜ್ಜಿಯ ಕೈಯಲ್ಲಿಟ್ಟಳು.

ಮರುದಿನ ಮರೆತ ಸ್ಟೀಲಿನ ಡಬ್ಬಿಗಾಗಿ ಸಭಾಗೃಹಕ್ಕೆ ಹೋದರೆ ಅಲ್ಲಿ ಯಾರದೋ ನಿಶ್ಚಿತಾರ್ಥದ ಕುರ್ಚಿಗಳು. ನಮ್ಮ ಮೇಜಿದ್ದ ಜಾಗ ಯಾವುದೆಂದು ನಮಗೂ ತಿಳಿಯಲಿಲ್ಲ. ಆದರೆ ಆ ವಾರ ಮೂರು ಮನೆಯವರು ಚೀಟಿ ಹಿಡಿದುಕೊಂಡು ನಮ್ಮ ಮಜಲು ಹತ್ತಿ ಬಂದರು; ಒಬ್ಬರು, ಉಪ್ಪು ಒಂದು ಕೈ ಕಡಿಮೆಯಿರಬೇಕಾಗಿತ್ತೆಂದು ಅವ್ವನ ಎದುರಿಗೇ ಹೇಳಿ, ಅರ್ಧ ಕಿಲೋ ಒಯ್ದರು. ಈ ರವಿವಾರ ಐದು ಕಿಲೋ ಶೇಂಗಾ ತರಬೇಕಾಗಿದೆ. ಕಚೇರಿಗೆ ಕೊಡಬೇಕಾದ ಅರ್ಜಿಯನ್ನು ಸಾಹೇಬರ ಮುಂದಿಟ್ಟದ್ದಾಗಿದೆ. ಅವರು ಓದಿ, ಕನ್ನಡಕ ತೆಗೆದು, ಚಟ್ನಿಯಲ್ಲಿ ಬೆಳ್ಳುಳ್ಳಿ ಇರುತ್ತದೆಯೇ ಎಂದು ಕೇಳಿದರು.