ಮೂವತ್ತೇಳು ಎಲೆಯ ಮದುವೆ

ನನ್ನ ಮದುವೆಯಾಗಿ ಇಂದಿಗೆ ಇಪ್ಪತ್ತಮೂರು ದಿನ. ಅಂದು ನಮ್ಮ ಮನೆಯ ತಾರಸಿಯ ಮೇಲೆ ಚಪ್ಪರ ಹಾಕಿಸಿ ಬಡಿಸಿದ್ದು ಮೂವತ್ತೇಳು ಎಲೆ. ಅದರಲ್ಲಿ ಎರಡು, ಎದುರುಮನೆಯ ಮಕ್ಕಳಿಗೆ. “ಇಷ್ಟೇನೆ?” ಎಂದು ಕೇಳಿದವರಿಗೆಲ್ಲ “ಇಷ್ಟೇ” ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ದನಿಯಲ್ಲಿ ಆ ಬಿಗುಮಾನ ಉಳಿದಿಲ್ಲ.

ಚಿಕ್ಕ ಮದುವೆಯ ಹಟ ನನ್ನದೇ. ನಮ್ಮ ಚಿಕ್ಕಪ್ಪನವರು ಮಗಳ ಮದುವೆಗೆ ಎಂಟುನೂರು ಜನರನ್ನು ಕರೆದಿದ್ದರು. ನಿವೃತ್ತಿಯ ಹಣವೆಲ್ಲ ಛತ್ರದ ಬಾಡಿಗೆಗೂ ಹೂವಿನ ಮಂಟಪಕ್ಕೂ ಕರಗಿಹೋಯಿತು. ಊಟವಾದ ಮೇಲೆ ಛತ್ರದ ಹಿಂಬದಿಗೆ ಹೋದವಳು, ಎತ್ತಿ ಎಸೆದ ಎಲೆಗಳ ರಾಶಿಯಲ್ಲಿ ಮುರಿಯದ ಜಹಾಂಗೀರುಗಳನ್ನು ಕಂಡೆ. ಅಂದೇ ನಿಶ್ಚಯಿಸಿದೆ. ನಮ್ಮವರೂ ಕುವೆಂಪು ಅವರ ‘ಮಂತ್ರ ಮಾಂಗಲ್ಯ’ವನ್ನು ಓದಿ ಮೆಚ್ಚಿದವರು, 1966ರಲ್ಲಿ ತೇಜಸ್ವಿಯವರ ಮದುವೆ ಎಷ್ಟು ಸರಳವಾಗಿ ನಡೆಯಿತೆಂಬುದನ್ನು ನನ್ನ ತಂದೆಯವರಿಗೆ ವಿವರಿಸಿ ಹೇಳಿ ಒಪ್ಪಿಸಿದವರು ಅವರೇ. ಅಮ್ಮನನ್ನು ಯಾರೂ ಒಪ್ಪಿಸಬೇಕಾಗಲಿಲ್ಲ. “ನಿಮ್ಮಿಷ್ಟ” ಎಂದಳು, ಅಷ್ಟೆ. ಆ ಮಾತನ್ನು ನಾನು ಒಪ್ಪಿಗೆಯೆಂದೇ ತಿಳಿದೆ.

1954ರ ವಿಶೇಷ ವಿವಾಹ ಕಾಯಿದೆಯಂತೆ ನೋಟೀಸು ಕೊಟ್ಟು ಮೂವತ್ತು ದಿನ ಕಾದೆವು. ಯಾರಾದರೂ ಆಕ್ಷೇಪಣೆ ಹೇಳುವುದಿದ್ದರೆ ಹೇಳಲಿ ಎಂದು ಆ ಗಡುವು. ಆಕ್ಷೇಪಿಸುವಷ್ಟು ಪುರಸೊತ್ತು ನಮ್ಮ ಬಂಧುಗಳಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ! ಮೂವರು ಸಾಕ್ಷಿಗಳ ಮುಂದೆ ರುಜು ಹಾಕಿದೆವು. ರಾಹುಕಾಲಕ್ಕೆ ಮುಂಚೆಯೇ ರುಜುವಾಗಲಿ ಎಂಬುದೊಂದೇ ಅಮ್ಮನ ಕೋರಿಕೆಯಾಗಿತ್ತು, ಅದು ನಡೆಯಿತು. ಮನೆಗೆ ಬಂದು ಮಾಂಗಲ್ಯಧಾರಣೆ, ಹೋಳಿಗೆಯ ಊಟ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಅಮ್ಮ ಮಾತ್ರ ಯಾವ ಗುಂಗಿನಲ್ಲಿದ್ದಳೋ, ದೊಡ್ಡ ತಪ್ಪಲೆಯ ತುಂಬ ಅಕ್ಷತೆ ಕಲಸಿಟ್ಟಿದ್ದಳು. ಮೂವತ್ತೈದು ಜನ ಹಾಕಿದರೆ ಎಷ್ಟು ಖರ್ಚಾದೀತು? ನಾನು ನಕ್ಕೆ. ಅಮ್ಮನೂ ನಕ್ಕಳು.

ಮಧುಚಂದ್ರಕ್ಕೆಂದು ನಮಗೆ ಸಿಕ್ಕಿದ್ದು ಎರಡು ರಾತ್ರಿ. ದೂರದ ಊರಿಗೆ ಸಮಯವಿಲ್ಲ. ಮಂಡ್ಯದಲ್ಲಿ ಬಸ್ಸು ಬದಲಿಸಿ ಮೇಲುಕೋಟೆಗೆ ಹೋದೆವು. ಯೋಗಾನರಸಿಂಹನ ಬೆಟ್ಟ ಹತ್ತುವಾಗ ನಾನು ಮೂರು ಸಲ ಕುಳಿತೆ, ಇವರು ನಾಲ್ಕು ಸಲ. ಈ ಲೆಕ್ಕವನ್ನು ಇವರು ಇಂದಿಗೂ ಒಪ್ಪುವುದಿಲ್ಲ. ಪು.ತಿ.ನ. ಹುಟ್ಟಿದ ಊರೆಂದು ಅವರ ಮನೆಯನ್ನು ಹುಡುಕಿಕೊಂಡು ಹೋದೆವು. ಅಕ್ಕ-ತಂಗಿಯರ ಕೊಳಗಳ ಬಳಿ ಕುಳಿತೆವು: ಪಕ್ಕಪಕ್ಕದಲ್ಲೇ ಎರಡು ಕೊಳ, ಒಂದರ ನೀರು ಮಾತ್ರ ಕುಡಿಯಲು ಯೋಗ್ಯ. ಕಲ್ಯಾಣಿಯ ಮೆಟ್ಟಿಲ ಮೇಲೆ ಇನ್ನೂ ಮದುವೆಯಾಗದ ಜೋಡಿಯೊಂದು ಛಾಯಾಗ್ರಾಹಕ ಹೇಳಿದಂತೆ ಓಡುವುದು, ನಿಲ್ಲುವುದು, ಮತ್ತೆ ಓಡುವುದು ಮಾಡುತ್ತಿತ್ತು. ನಮ್ಮ ಮದುವೆಯ ಚಿತ್ರಗಳನ್ನು ತೆಗೆದವನು ನನ್ನ ತಮ್ಮ. ಅರ್ಧದಲ್ಲಿ ಎಲ್ಲರ ತಲೆ ಕತ್ತರಿಸಿದೆ.

ಎರಡನೆಯ ದಿನ ಮಧ್ಯಾಹ್ನ, ಗುಡಿಯ ಹತ್ತಿರದ ಛತ್ರವೊಂದರ ಮುಂದೆ ಹಾದುಹೋಗುತ್ತಿದ್ದೆವು. ಒಳಗೆ ಮದುವೆ. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬರು ನನ್ನ ಕೊರಳಿನ ಹೊಸ ಅರಿಶಿನದ ದಾರವನ್ನು ನೋಡಿ, “ಹೊಸ ಮದುಮಕ್ಕಳು ಬಾಗಿಲಿನಿಂದ ಹಾಗೇ ಹೋಗಬಾರದು, ಬನ್ನಿ” ಎಂದು ಕೈಹಿಡಿದು ಕರೆದೊಯ್ದರು. ಹುಡುಗಿಯ ತಾಯಿ ಅವರೇ. ಪಂಕ್ತಿಯ ನಡುವೆ ಅವರ ಓಡಾಟವನ್ನು ನೋಡಬೇಕಿತ್ತು. “ಅತ್ತಿಗೆ, ಪುಳಿಯೋಗರೆ ಬಿಡಬೇಡಿ”, “ಮಾವ, ನಿಮ್ಮ ಮೊಮ್ಮಗನ ನಾಮಕರಣದಲ್ಲಿ ನನಗೆ ಎಷ್ಟು ಉಪಚಾರ ಮಾಡಿದಿರಿ, ಇನ್ನೊಂದು ಲಾಡು ಹಾಕಿಸಿಕೊಳ್ಳಿ.” ಕಾಲು ಊದಿಕೊಂಡಿತ್ತು, ಮುಖ ಮಾತ್ರ ಬೆಳಗುತ್ತಿತ್ತು. ಆಕೆ ಉಣ್ಣಿಸುತ್ತಿರಲಿಲ್ಲ, ಎಷ್ಟೋ ವರ್ಷಗಳ ಋಣವನ್ನು ಸಂತೋಷದಿಂದ ತೀರಿಸುತ್ತಿದ್ದರು.

ತುತ್ತು ನನ್ನ ಗಂಟಲಲ್ಲಿ ನಿಂತಿತು.

ಮೂವತ್ತು ವರ್ಷ ಅಮ್ಮ ಊರವರ ಮದುವೆಗಳಿಗೆ ಹೋಗಿದ್ದಾಳೆ. ಹಿಂದಿನ ರಾತ್ರಿಯೇ ಹೋಗಿ ತರಕಾರಿ ಹೆಚ್ಚಿದ್ದಾಳೆ, ಹಸೆ ಬರೆದಿದ್ದಾಳೆ, ಆರತಿ ಎತ್ತಿದ್ದಾಳೆ. ಯಾರ ಮನೆಗೆ ಏನು ಮುಯ್ಯಿ ಮಾಡಿದೆವೆಂದು ಬರೆದಿಟ್ಟ ಹಳೆಯ ನೋಟುಪುಸ್ತಕವೊಂದು ಅವಳ ಬೀರುವಿನಲ್ಲಿದೆ. ಅದು ಹಣದ ಲೆಕ್ಕವೆಂದು ನಾನು ಹಾಸ್ಯಮಾಡುತ್ತಿದ್ದೆ. ನಾನು ಒಬ್ಬಳೇ ಮಗಳು. ಒಂದು ದಿನ ತಾನೂ ಹೀಗೆ ಬಾಗಿಲಲ್ಲಿ ನಿಂತು ಅವರನ್ನೆಲ್ಲ ಒಳಕ್ಕೆ ಕರೆಯುವೆನೆಂದು ಅವಳು ಎಣಿಸಿದ್ದಿರಬೇಕು. ನಾನು ಉಳಿಸಿದ ಹಣದ ಲೆಕ್ಕದಲ್ಲಿ ಇದು ಎಲ್ಲಿಯೂ ಬರಲಿಲ್ಲ. ಮತ್ತೊಮ್ಮೆ ಕೇಳಿದರೂ ಎಂಟುನೂರು ಎಲೆಗೆ ನಾನು ಒಪ್ಪಲಾರೆ. ಆದರೂ ಅಮ್ಮನ ಪಕ್ಕದಲ್ಲಿ ಕುಳಿತು ಆ ಪುಸ್ತಕವನ್ನು ಒಮ್ಮೆ ತೆರೆದು ನೋಡಬಹುದಾಗಿತ್ತು.

ಸಂಜೆ ಫೋನು ಮಾಡಿದೆ. “ಅಮ್ಮಾ, ನಿನಗೆ ಬೇಸರವಾಯಿತೆ?” ಎಂದೆ.

“ಯಾತಕ್ಕೆ?” ಎಂದಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಕ್ಷತೆ ತುಂಬ ಉಳಿದಿದೆ ಕಣೆ. ಅದನ್ನು ಏನು ಮಾಡುವುದೆಂದು ತೋಚುತ್ತಿಲ್ಲ” ಎಂದಳು.

ನಾನು ನಡೆದುದನ್ನೆಲ್ಲ ಹೇಳಿದೆ. ಉಪಾಯ ಹೊಳೆದದ್ದು ಇವರಿಗೆ. ಊರಿಗೆ ಬಂದವರೇ, “ಅತ್ತೆ, ನಿಮ್ಮ ನೋಟುಪುಸ್ತಕ ಕೊಡಿ” ಎಂದರು. ಅಮ್ಮ ಸಂಕೋಚದಿಂದಲೇ ತಂದಿಟ್ಟಳು. ಎಣಿಸಿದರೆ ಎಂಬತ್ತನಾಲ್ಕು ಮನೆ. ಕೆಲವು ಹೆಸರುಗಳ ಮುಂದೆ ಅಮ್ಮ ಮೌನವಾಗಿ ಬೆರಳಿಟ್ಟಳು. ಅವರು ಈಗಿಲ್ಲ. ಉಳಿದದ್ದು ಎಪ್ಪತ್ತೊಂದು.

ಈಗ ಭಾನುವಾರಗಳಂದು ನಾವು ಮೂವರೂ ಹೊರಡುತ್ತೇವೆ. ಅಮ್ಮನ ಕೈಯಲ್ಲಿ ಅಕ್ಷತೆಯ ಡಬ್ಬಿ, ಇವರ ಕೈಯಲ್ಲಿ ತೆಂಗಿನಕಾಯಿ-ತಾಂಬೂಲದ ಚೀಲ. ಮೊದಲ ಮನೆಯ ಅಜ್ಜಿ, “ಮದುವೆಗೆ ಕರೆಯದವರು ಈಗೇಕೆ ಬಂದಿರಿ?” ಎಂದು ಬಾಗಿಲಲ್ಲೇ ಕೇಳಿದರು. ಅಮ್ಮನ ಮುಖ ಬಾಡಿತು. ನಾನು ಮುಂದೆ ಹೋಗಿ, “ತಪ್ಪು ನನ್ನದು ಅಜ್ಜಿ, ಅಮ್ಮನದಲ್ಲ” ಎಂದು ಕಾಲಿಗೆ ಬಿದ್ದೆ. ಅಜ್ಜಿ ಒಂದು ಗಳಿಗೆ ನನ್ನನ್ನೇ ನೋಡಿ, ಅಮ್ಮನ ಕೈಯಿಂದ ಡಬ್ಬಿಯನ್ನು ತೆಗೆದುಕೊಂಡು, ನಮ್ಮಿಬ್ಬರ ತಲೆಯ ಮೇಲೆ ಹಿಡಿಹಿಡಿಯಾಗಿ ಸುರಿದರು. ಆಮೇಲೆ ಅಮ್ಮನನ್ನು ಒಳಗೆ ಕೂರಿಸಿಕೊಂಡು ಒಂದೂವರೆ ಗಂಟೆ ಬಿಡಲಿಲ್ಲ. ಈ ಗತಿಯಲ್ಲಿ ಮೂರು ಭಾನುವಾರಕ್ಕೆ ಏಳು ಮನೆ ಮುಗಿದಿವೆ.

ಡಬ್ಬಿ ಇನ್ನೂ ಅರ್ಧಕ್ಕೆ ಇಳಿದಿಲ್ಲ. ಬರುವ ಭಾನುವಾರ ಮಲ್ಲೇಶ್ವರದ ಕಡೆ.